ಹೊಸಬರಿಗೆ ಯಾವ ಸಾಫ್ಟ್‌ವೇರ್?
ಫೋಟೋ ತಿದ್ದುವ, ಚಿತ್ರ ರಚಿಸುವ ಸಾಧನಗಳ ಆಯ್ಕೆ ಕುರಿತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳಿಂದ ಏರ್ಪಡಿಸಿದ್ದ ಉಪನ್ಯಾಸ ಮಾಲೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮೊದಲು ಮಾತನಾಡಿದವರು ಆರೋಗ್ಯದ ಬಗ್ಗೆ, ಕೃಷಿಯ ಬಗ್ಗೆ ಹೇಳಿದರು. ನನ್ನ ವಿಷಯ ಅಷ್ಟು ದೊಡ್ಡದಲ್ಲ. ಊರಿಗೆ ಬಂದಾಗಲೆಲ್ಲ ಮಕ್ಕಳು, ಕೆಲವೊಮ್ಮೆ ಅವರ ಅಪ್ಪ ಅಮ್ಮಂದಿರು ನನ್ನ ಹತ್ತಿರ ಕೇಳುವ ಪ್ರಶ್ನೆ ಒಂದೇ: "ಫೋಟೋ ಎಡಿಟಿಂಗು, ಡಿಸೈನಿಂಗು ಕಲೀಬೇಕು. ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳೋದು?" ಆ ಪ್ರಶ್ನೆಗೆ ಇವತ್ತು ಎಲ್ಲರ ಎದುರು ಸಾವಕಾಶವಾಗಿ ಉತ್ತರ ಹೇಳುತ್ತೇನೆ.

ಈ ಪ್ರಶ್ನೆ ಸಣ್ಣದಲ್ಲ ಎಂದು ನನಗನ್ನಿಸುವುದಕ್ಕೆ ಕಾರಣವಿದೆ. ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯಲ್ಲಿ ಒಮ್ಮೆ ಹೋಗಿ ನೋಡಿ. ಯಕ್ಷಗಾನದ ಕರಪತ್ರ, ಬಂಡಿಹಬ್ಬದ ಫ್ಲೆಕ್ಸು, ಮದುವೆಯ ಕರೆಯೋಲೆ, ಹೋಮ್‌ಸ್ಟೇ ಬೋರ್ಡು, ಸ್ವಸಹಾಯ ಸಂಘದವರ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯ ಚೀಟಿ, ಮುರುಗಲು ಶರಬತ್ತಿನ ಲೇಬಲ್ಲು: ಇವೆಲ್ಲವನ್ನೂ ಯಾರೋ ಒಬ್ಬರು ಕಂಪ್ಯೂಟರಿನ ಮುಂದೆ ಕುಳಿತು ಮಾಡಿದ್ದಾರೆ. ಅದು ಕೂಲಿ ಸಿಗುವ ಕೆಲಸ. ಊರು ಬಿಡದೆ ಮಾಡಬಹುದಾದ ಕೆಲಸ. ಆದರೆ "ಅದಕ್ಕೆ ಫೋಟೋಶಾಪ್ ಬೇಕು, ಅದನ್ನು ಕೊಳ್ಳುವ ತಾಕತ್ತು ನಮಗಿಲ್ಲ" ಎಂದುಕೊಂಡು ಬಾಗಿಲಲ್ಲೇ ನಿಂತುಬಿಡುವ ಮಕ್ಕಳಿದ್ದಾರೆ. ಇನ್ನು ಕೆಲವರು ಎಲ್ಲಿಂದಲೋ ಕಳ್ಳಪ್ರತಿ ಇಳಿಸಿಕೊಂಡು ಶುರುಮಾಡುತ್ತಾರೆ. ಎರಡೂ ಬೇಕಾಗಿಲ್ಲ ಎನ್ನುವುದೇ ನನ್ನ ಇಂದಿನ ಮಾತಿನ ಸಾರ.

ಫೋಟೋಶಾಪ್ ಎಂಬ ಹೆಸರು ನಮ್ಮ ಕಡೆ ಕ್ರಿಯಾಪದವೇ ಆಗಿಹೋಗಿದೆ. "ಇದನ್ನು ಸ್ವಲ್ಪ ಫೋಟೋಶಾಪ್ ಮಾಡಿಕೊಡು" ಅನ್ನುತ್ತೇವೆ. ಅದು ಹುಟ್ಟಿದ್ದು ಹೀಗೆ: ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಥಾಮಸ್ ನಾಲ್ 1987ರಲ್ಲಿ ತನ್ನ ಕಂಪ್ಯೂಟರಿನಲ್ಲಿ ಚಿತ್ರ ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆದ. ಸಿನಿಮಾ ತಂತ್ರದ ಕೆಲಸದಲ್ಲಿದ್ದ ತಮ್ಮ ಜಾನ್ ಕೈಗೂಡಿಸಿದ. 1990ರಲ್ಲಿ ಅಡೋಬಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಬಹಳ ಒಳ್ಳೆಯ ಸಾಧನ, ಅದರಲ್ಲಿ ಎರಡು ಮಾತಿಲ್ಲ. ಆದರೆ 2013ರಿಂದ ಅಡೋಬಿ ತನ್ನ ಹೊಸ ಆವೃತ್ತಿಗಳನ್ನು ಒಂದು ಸಲ ದುಡ್ಡು ಕೊಟ್ಟು ಕೊಳ್ಳುವ ಪದ್ಧತಿಯಿಂದ ಚಂದಾಕ್ಕೆ ಬದಲಾಯಿಸಿತು. ಅಂದರೆ ಅಂಗಡಿಯ ಬಾಡಿಗೆಯ ಹಾಗೆ. ಬಾಡಿಗೆ ನಿಲ್ಲಿಸಿದ ತಿಂಗಳು ಕೀಲಿ ವಾಪಸು. ದಿನವೂ ಅದರಿಂದ ದುಡಿಯುವ ಸ್ಟುಡಿಯೋಕ್ಕೆ ಅದು ಅಡ್ಡಿಲ್ಲ. ಇನ್ನೂ ಚಿತ್ರ ಕತ್ತರಿಸಲು ಕಲಿಯುತ್ತಿರುವ ಒಂಬತ್ತನೇ ತರಗತಿಯ ಹುಡುಗಿಗೆ ಅದು ಹೊರೆ.

ಹಾಗಾದರೆ ಆಯ್ಕೆ ಹೇಗೆ? ಸಾಫ್ಟ್‌ವೇರಿನ ಹೆಸರಿನಿಂದ ಶುರುಮಾಡಬೇಡಿ. ನಾಲ್ಕು ಪ್ರಶ್ನೆಗಳಿಂದ ಶುರುಮಾಡಿ. ಒಂದು, ಮಾಡಬೇಕಾದ ಕೆಲಸ ಯಾವುದು? ಎರಡು, ನಿಮ್ಮ ಹತ್ತಿರ ಇರುವ ಯಂತ್ರ ಯಾವುದು? ಮೂರು, ಅದರಲ್ಲಿ ಕನ್ನಡ ಸರಿಯಾಗಿ ಬರುತ್ತದೆಯೇ? ನಾಲ್ಕು, ಹತ್ತು ವರ್ಷ ಬಿಟ್ಟು ನಿಮ್ಮ ಕಡತ ತೆರೆಯುತ್ತದೆಯೇ, ತೆರೆಯಲು ಯಾರ ಅಪ್ಪಣೆ ಬೇಕು?

ಮೊದಲನೆಯದು, ಕೆಲಸ. ಕಂಪ್ಯೂಟರಿನ ಚಿತ್ರಗಳಲ್ಲಿ ಎರಡು ಜಾತಿ. ಒಂದು ಚುಕ್ಕಿಗಳ ಚಿತ್ರ. ಕ್ಯಾಮೆರಾ, ಮೊಬೈಲು ತೆಗೆಯುವುದೆಲ್ಲ ಇದೇ. ಇದು ಮೀನು ಹಿಡಿಯುವ ಬಲೆಯ ಹಾಗೆ: ಇಷ್ಟೇ ಕಣ್ಣು ಎಂದು ಹೆಣೆದಾಗಿದೆ. ಎಳೆದು ಅಗಲ ಮಾಡಿದರೆ ಕಣ್ಣು ದೊಡ್ಡದಾಗುತ್ತದೆ, ಹೊರತು ಹೊಸ ಕಣ್ಣು ಹುಟ್ಟುವುದಿಲ್ಲ. ಸಣ್ಣ ಫೋಟೋವನ್ನು ಫ್ಲೆಕ್ಸಿಗೆ ಹಿಗ್ಗಿಸಿದಾಗ ಮುಖ ಚೌಕ ಚೌಕವಾಗಿ ಕಾಣುವುದು ಇದೇ ಕಾರಣಕ್ಕೆ. ಇನ್ನೊಂದು ಗೆರೆಗಳ ಚಿತ್ರ, ವೆಕ್ಟರ್ ಎನ್ನುತ್ತಾರೆ. ಇದು ನಮ್ಮ ಗಣಿತದ ಮಾಸ್ತರರು ಕೈವಾರದಲ್ಲಿ ಬರೆಸಿದ ವೃತ್ತದ ಹಾಗೆ. ಕೇಂದ್ರ ಇದು, ತ್ರಿಜ್ಯ ಇಷ್ಟು ಎಂದು ಹೇಳಿದರೆ ಸಾಕು. ನೋಟ್‌ಬುಕ್ಕಿನಲ್ಲೂ ಬರೆಯಬಹುದು, ಶಾಲೆಯ ಮೈದಾನದಲ್ಲೂ ಬರೆಯಬಹುದು, ಅಂಚು ಒಂದೇ ರೀತಿ ನಯ.

ಫೋಟೋ ತಿದ್ದಲು ಚುಕ್ಕಿಯ ಸಾಧನ ಬೇಕು. ಲಾಂಛನ, ಬೋರ್ಡು, ಲೇಬಲ್ಲು, ಕರೆಯೋಲೆಗೆ ಗೆರೆಯ ಸಾಧನ ಬೇಕು. ಈ ಒಂದು ಭೇದ ತಿಳಿಯದೆ ಲೋಗೋವನ್ನು ಫೋಟೋಶಾಪಿನಲ್ಲಿ ಮಾಡಿ, ಆಮೇಲೆ ಅದನ್ನು ದೊಡ್ಡದು ಮಾಡಲಾಗದೆ ಪೇಚಾಡುವವರು ಬಹಳ ಮಂದಿ. ನಮ್ಮ ಮುದ್ರಣಾಲಯಗಳಲ್ಲಿ ಕೋರಲ್‌ಡ್ರಾ ಇಷ್ಟು ಬೇರೂರಿದ್ದು ಅದು ಗೆರೆಯ ಸಾಧನವಾದ್ದರಿಂದಲೇ.

ಈ ಎರಡು ಜಾತಿಗೂ ಮುಕ್ತ ಸಾಫ್ಟ್‌ವೇರ್ ಇದೆ. ಚುಕ್ಕಿಗೆ ಜಿಂಪ್. 1995ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿಯಲ್ಲಿ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ್ದು. ಆಮೇಲೆ ಜಗತ್ತಿನ ಎಷ್ಟೋ ಮಂದಿ ಸಂಬಳವಿಲ್ಲದೆ ಬೆಳೆಸಿದರು. 2025ರ ಮಾರ್ಚಿನಲ್ಲಿ ಅದರ 3.0 ಆವೃತ್ತಿ ಬಂತು. ಗೆರೆಗೆ ಇಂಕ್‌ಸ್ಕೇಪ್, 2003ರಿಂದ ಇದೆ. ಕೈಯಿಂದ ಚಿತ್ರ ಬರೆಯುವ ಹುಚ್ಚು ಇರುವವರಿಗೆ ಕ್ರಿಟಾ. ಈ ಸ್ಮರಣ ಸಂಚಿಕೆಯಂಥ ಪುಸ್ತಕದ ಪುಟ ಕಟ್ಟಲು ಸ್ಕ್ರೈಬಸ್. ನಾಲ್ಕಕ್ಕೂ ದುಡ್ಡಿಲ್ಲ. ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು, ಪಕ್ಕದ ಶಾಲೆಗೂ ಕೊಡಬಹುದು, ಕಾನೂನು ಅಡ್ಡ ಬರುವುದಿಲ್ಲ.

ಎರಡನೆಯ ಪ್ರಶ್ನೆ ಯಂತ್ರದ್ದು. ಹೆಚ್ಚಿನ ಮನೆಗಳಲ್ಲಿ ಇರುವುದು ಮೊಬೈಲು ಮಾತ್ರ. ಅಡ್ಡಿಲ್ಲ, ಅಲ್ಲಿಂದಲೇ ಶುರುವಾಗಲಿ. ಫೋನಿಗೆ ಗೂಗಲ್‌ನ ಸ್ನ್ಯಾಪ್‌ಸೀಡ್ ಹಾಕಿಕೊಳ್ಳಿ. ದುಡ್ಡಿಲ್ಲ, ಜಾಹೀರಾತಿಲ್ಲ, ಚಿತ್ರದ ಮೂಲೆಯಲ್ಲಿ ತನ್ನ ಮುದ್ರೆ ಒತ್ತುವುದಿಲ್ಲ. ಕಾಸರಕೋಡಿನ ದಂಡೆಯಲ್ಲಿ ತೆಗೆದ ಫೋಟೋದಲ್ಲಿ ಸಮುದ್ರ ಒಂದು ಕಡೆ ವಾಲಿದ್ದರೆ ನೆಟ್ಟಗೆ ಮಾಡಿ. ಮಿರ್ಜಾನ್ ಕೋಟೆಯ ಚಿರೆಕಲ್ಲಿನ ಗೋಡೆ ನೆರಳಲ್ಲಿ ಕಪ್ಪಾಗಿದ್ದರೆ ನೆರಳನ್ನಷ್ಟೇ ತಿಳಿಗೊಳಿಸಿ. ಬೇಡದ ಬದಿ ಕತ್ತರಿಸಿ. ಬೆಳಕು, ಬಣ್ಣ, ಚೌಕಟ್ಟು ಈ ಮೂರರ ಕಣ್ಣು ಮೊಬೈಲಿನಲ್ಲೇ ತಯಾರಾಗುತ್ತದೆ. ಆಮೇಲೆ ಯಾವ ದೊಡ್ಡ ಸಾಧನಕ್ಕೆ ಹೋದರೂ ಆ ಕಣ್ಣು ನಿಮ್ಮ ಜೊತೆ ಬರುತ್ತದೆ.

ಶಾಲೆಯಲ್ಲಿ ಹಳೆಯ ಕಂಪ್ಯೂಟರು ಇದ್ದರೆ ಅದನ್ನು ಕೀಳಾಗಿ ನೋಡಬೇಡಿ. 4 ಜಿಬಿ ಮೆಮೊರಿ ಇದ್ದರೆ ಜಿಂಪ್, ಇಂಕ್‌ಸ್ಕೇಪ್ ಎರಡರಲ್ಲೂ ಕಲಿಯುವ ಮಟ್ಟದ ಕೆಲಸ ನಡೆಯುತ್ತದೆ. ವಿಂಡೋಸ್ 7 ಇದ್ದರೆ ಜಿಂಪ್‌ನ 2.10 ಆವೃತ್ತಿ ಹಾಕಿ, 3.0ಕ್ಕೆ ವಿಂಡೋಸ್ 10 ಬೇಕು. ಅದಕ್ಕಿಂತ ಹಳೆಯ ಯಂತ್ರವಿದ್ದರೆ ಚಿಕ್ಕ ಮಕ್ಕಳಿಗೆ ಟಕ್ಸ್ ಪೇಂಟ್ ಇದೆ. ನಮ್ಮ ಕಾಲದಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ವಾರಕ್ಕೆ ಒಂದು ಸಲ, ಮೂವರಿಗೆ ಒಂದು ಮೌಸು, ಪೇಂಟ್‌ನಲ್ಲಿ ಒಂದು ಮನೆ ಬರೆದು ಅದಕ್ಕೆ ಕೆಂಪು ಹೆಂಚು ಹೊದೆಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಆದರೂ ಮೌಸು ಕೈಗೆ ಒಗ್ಗಿದ್ದು ಅಲ್ಲೇ.

ನೆಟ್ ಚೆನ್ನಾಗಿರುವ ಕಡೆ ಇನ್ನೆರಡು ದಾರಿ ಇವೆ. ಒಂದು ಫೋಟೋಪಿಯ. ಬ್ರೌಸರಿನಲ್ಲೇ ತೆರೆಯುತ್ತದೆ, ನೋಡಲು ಫೋಟೋಶಾಪಿನ ತಮ್ಮನ ಹಾಗಿದೆ, ಅದರ ಪಿಎಸ್‌ಡಿ ಕಡತವನ್ನೂ ತೆರೆಯುತ್ತದೆ. ಪಕ್ಕದಲ್ಲಿ ಜಾಹೀರಾತು ಇರುತ್ತದೆ, ಅಷ್ಟೇ. ಸ್ಟುಡಿಯೋ ಕೆಲಸಕ್ಕೆ ಹೋಗಬೇಕೆನ್ನುವವರು ಫೋಟೋಶಾಪಿನ ರೀತಿನೀತಿಯನ್ನು ಇದರಲ್ಲೇ ರೂಢಿಮಾಡಿಕೊಳ್ಳಬಹುದು. ಇನ್ನೊಂದು ಕ್ಯಾನ್ವಾ. ಮಾದರಿಗಳು ಸಿದ್ಧವಾಗಿ ಇರುತ್ತವೆ, ಹೆಸರು ಬದಲಿಸಿದರೆ ಪೋಸ್ಟರು ಆಯಿತು. ಶಾಲೆ, ಶಿಕ್ಷಕರಿಗೆ ಉಚಿತ ವ್ಯವಸ್ಥೆಯೂ ಇದೆ. ನಾಳೆಯ ಪ್ರತಿಭಾ ಕಾರಂಜಿಗೆ ಇವತ್ತು ಸಂಜೆ ಪೋಸ್ಟರು ಬೇಕಾದ ಅಕ್ಕೋರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಅದೊಂದರಲ್ಲೇ ನಿಂತರೆ ಮಾದರಿ ಆರಿಸುವುದು ಬರುತ್ತದೆ, ರಚಿಸುವುದು ಬರುವುದಿಲ್ಲ. ಊರ ಎಲ್ಲ ಪೋಸ್ಟರೂ ಒಂದೇ ಅಚ್ಚಿನ ಬೆಲ್ಲದ ಹಾಗೆ ಕಾಣತೊಡಗುತ್ತವೆ.

ಮೂರನೆಯ ಪ್ರಶ್ನೆ ಕನ್ನಡದ್ದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಏಕೆಂದರೆ ಸಾಫ್ಟ್‌ವೇರ್ ಆಯ್ಕೆಯ ಇಂಗ್ಲಿಷ್ ಬರಹಗಳಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ, ನಮಗೆ ಮಾತ್ರ ಇದೇ ಮೊದಲ ತೊಡಕು.

ಒಂದು ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಆಗ ನಮ್ಮವರು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟು ತಯಾರಿಸಿದರು. ಪಕ್ಕದ ಉಡುಪಿ ಜಿಲ್ಲೆಯಲ್ಲಿ ನೆಲೆಸಿದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂದಿಗೂ ನಮ್ಮ ಬೆರಳುಗಳಲ್ಲಿದೆ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಸರ್ಕಾರ ಉಚಿತವಾಗಿ ಹಂಚಿತು. ಕನ್ನಡದ ಮುದ್ರಣ ಈ ಹಿರಿಯರ ಹೆಗಲ ಮೇಲೆ ನಿಂತಿದೆ. ಆದರೆ ಆ ಹಳೆಯ ಫಾಂಟುಗಳಲ್ಲಿ ಒಂದು ತೊಂದರೆ ಉಳಿಯಿತು: ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಸಂಕೇತ. ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಅದರಲ್ಲಿ ಹುಡುಕಲಾಗದು, ಫೋನಿಗೆ ಕಳಿಸಿದರೆ ಓದಲಾಗದು.

ಯುನಿಕೋಡ್ ಇದನ್ನು ಬಗೆಹರಿಸಿತು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ನೀವು ವಾಟ್ಸಾಪಿನಲ್ಲಿ ಕನ್ನಡ ಟೈಪು ಮಾಡುವುದು ಯುನಿಕೋಡಿನಲ್ಲೇ. ಆದರೆ ಸಂಖ್ಯೆ ಇದ್ದರೆ ಸಾಲದು, ಒತ್ತಕ್ಷರ, ಗುಣಿತಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡಬೇಕು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ಒತ್ತು ಕೆಳಗೆ ಹೋಗದೆ ಪಕ್ಕದಲ್ಲೇ ನಿಲ್ಲುತ್ತಿತ್ತು. ಆಮೇಲಿನ ಆವೃತ್ತಿಗಳಲ್ಲಿ ಅಕ್ಷರದ ಸೆಟ್ಟಿಂಗಿಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಆರಿಸಿದರೆ ಸರಿಹೋಗುತ್ತಿತ್ತು. ಜಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಏನನ್ನೂ ಆರಿಸಬೇಕಾಗಿಲ್ಲ. ಫಾಂಟು ಸರಿಯಿದ್ದರೆ ಕನ್ನಡ ತಾನಾಗಿ ಸರಿಯಾಗಿ ಬರುತ್ತದೆ. ಫಾಂಟಿಗೂ ಬರವಿಲ್ಲ: ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ನವಿಲು, ಗುಬ್ಬಿ, ಎಲ್ಲವೂ ಉಚಿತ.

ಯಾವುದೇ ಹೊಸ ಸಾಧನ ಕೈಗೆ ಬಂದರೆ ಒಂದು ಪರೀಕ್ಷೆ ಮಾಡಿ. "ಸ್ವಾತಂತ್ರ್ಯ", "ಉತ್ಕೃಷ್ಟ", "ಅರ್ಘ್ಯ", "ಕ್ಷೇತ್ರ" ಈ ನಾಲ್ಕು ಪದ ಟೈಪು ಮಾಡಿ. ನಾಲ್ಕೂ ನೆಟ್ಟಗೆ ಬಂದರೆ ಆ ಸಾಧನ ಕನ್ನಡಕ್ಕೆ ಆದೀತು. ಒಂದು ಮುರಿದರೂ ಅದರಲ್ಲಿ ಕರೆಯೋಲೆ ಮಾಡಬೇಡಿ. ಮುದ್ರಣಾಲಯಕ್ಕೆ ಕೊಡುವಾಗ ಇನ್ನೊಂದು ಉಪಾಯವಿದೆ. ಇಂಕ್‌ಸ್ಕೇಪಿನಲ್ಲಿ ಪಿಡಿಎಫ್ ಮಾಡುವಾಗ ಅಕ್ಷರಗಳನ್ನು ಗೆರೆಗಳಾಗಿ ಬದಲಾಯಿಸುವ ಆಯ್ಕೆ ಸಿಗುತ್ತದೆ. ಅದನ್ನು ಆರಿಸಿದರೆ ಪ್ರೆಸ್ಸಿನವರ ಹತ್ತಿರ ನಿಮ್ಮ ಫಾಂಟು ಇಲ್ಲದಿದ್ದರೂ ಒಂದು ಒತ್ತೂ ಅಲ್ಲಾಡುವುದಿಲ್ಲ. ಅಕ್ಷರ ಇರುವ ಮೂಲ ಕಡತವನ್ನು ಮಾತ್ರ ಬೇರೆ ಇಟ್ಟುಕೊಳ್ಳಿ, ಗೆರೆಯಾದ ಮೇಲೆ ಕಾಗುಣಿತ ತಿದ್ದಲಾಗದು.

ನಾಲ್ಕನೆಯದು, ಯಾರ ಅಪ್ಪಣೆ ಎಂಬ ಪ್ರಶ್ನೆ. ಇಲ್ಲಿ ಕಳ್ಳಪ್ರತಿಯ ಮಾತು ಹೇಳಲೇಬೇಕು. ನಾನು ದಿನವೂ ಸಾಫ್ಟ್‌ವೇರ್ ಬರೆದು ಉಣ್ಣುವವನು, ಹಾಗಾಗಿ ಅದು ಇನ್ನೊಬ್ಬರ ದುಡಿಮೆಯ ಕಳವು ಎಂದು ಹೇಳುವುದು ನನ್ನ ಧರ್ಮ. ಧರ್ಮದ ಮಾತು ಬದಿಗಿಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಕಳ್ಳಪ್ರತಿಯ ಬೀಗ ಮುರಿಯಲು ಕೊಡುವ ಚಿಕ್ಕ ಪ್ರೋಗ್ರಾಂ ಓಡಿಸುವ ಮೊದಲು "ಆಂಟಿವೈರಸ್ ಬಂದ್ ಮಾಡಿ" ಎಂದಿರುತ್ತದೆ. ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆಗೆಯಿರಿ ಎಂದು ಅಪರಿಚಿತ ಹೇಳಿದರೆ ತೆಗೆಯುತ್ತೀರಾ? ಕಡತಗಳಿಗೆಲ್ಲ ಬೀಗ ಜಡಿದು ದುಡ್ಡು ಕೇಳುವ ರಾನ್ಸಮ್‌ವೇರ್ ಒಳಗೆ ಬರುವ ದಾರಿಗಳಲ್ಲಿ ಇದೂ ಒಂದು. ಮದುವೆ ಸೀಸನ್ನಿನಲ್ಲಿ ಒಂದು ಸ್ಟುಡಿಯೋದ ಕಂಪ್ಯೂಟರಿಗೆ ಹೀಗಾದರೆ ಹೋಗುವುದು ಇನ್ನೊಬ್ಬರ ಮನೆಯ ನೆನಪು.

ಮುಕ್ತ ಸಾಫ್ಟ್‌ವೇರ್ ಎಂದರೆ ಬಡವರಿಗೆ ಕೊಡುವ ಎರಡನೇ ದರ್ಜೆಯ ಮಾಲು ಎಂದು ತಿಳಿದವರಿದ್ದಾರೆ. ಅವರಿಗೆ ನಾನು ಕಾಸರಗೋಡು ತೋರಿಸುತ್ತೇನೆ. ಕೇರಳ ಸರ್ಕಾರ 2001ರಲ್ಲಿ ಶಾಲೆಗಳಿಗಾಗಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿತು. ಕೆಲವೇ ವರ್ಷಗಳಲ್ಲಿ ಅದನ್ನು ಪೂರ್ತಿ ಮುಕ್ತ ಸಾಫ್ಟ್‌ವೇರಿಗೆ ಬದಲಾಯಿಸಿತು. ಅಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಜಿಂಪ್, ಇಂಕ್‌ಸ್ಕೇಪ್ ಪಠ್ಯಪುಸ್ತಕದ ಪಾಠ, ಪ್ರಾಯೋಗಿಕ ಪರೀಕ್ಷೆಯೂ ಉಂಟು. ಆ ಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗೆರೆಯ ಚಿತ್ರವನ್ನು ಕನ್ನಡದಲ್ಲೇ ಓದಿ ಕಲಿಯುತ್ತಿದ್ದಾರೆ. ನಮ್ಮ ರಾಜ್ಯದಲ್ಲೂ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಮುಕ್ತ ಸಾಫ್ಟ್‌ವೇರಿನ ತರಬೇತಿಗಳು ನಡೆದಿವೆ. ಅದೇ ಕರಾವಳಿ, ಅದೇ ಭಾಷೆ, ಅದೇ ವಯಸ್ಸಿನ ಮಕ್ಕಳು. ಅಲ್ಲಿ ಆಗುವುದು ಇಲ್ಲಿ ಆಗದೇ?

ಇನ್ನು ಕಲಿಯುವ ಕ್ರಮ. ಸಾಧನದಲ್ಲಿ ಇನ್ನೂರು ಗುಂಡಿಗಳಿವೆ ಎಂದು ಹೆದರಬೇಡಿ. ಜಿಂಪ್‌ನಲ್ಲಿ ಐದು ಕೆಲಸ ಕಲಿತರೆ ಮೊದಲ ವರ್ಷಕ್ಕೆ ಸಾಕು: ಕತ್ತರಿಸುವುದು, ಅಳತೆ ಬದಲಿಸುವುದು, ಬೆಳಕು ಬಣ್ಣ ಸರಿಮಾಡುವುದು, ಕಲೆ ಅಳಿಸುವುದು, ಲೇಯರುಗಳಲ್ಲಿ ಕೆಲಸ ಮಾಡುವುದು. ಲೇಯರ್ ಎಂದರೆ ಏನೆಂದು ಯಕ್ಷಗಾನದ ಚೌಕಿಗೆ ಹೋದವರಿಗೆ ಹೇಳಬೇಕಾಗಿಲ್ಲ. ಕಸೆ, ದಗಲೆ, ಎದೆಕಟ್ಟು, ಕಿರೀಟ ಒಂದರ ಮೇಲೊಂದು ಏರುತ್ತವೆ. ಕಿರೀಟ ಬದಲಿಸಬೇಕೆಂದರೆ ಕಿರೀಟವನ್ನಷ್ಟೇ ತೆಗೆಯುತ್ತಾರೆ, ಒಳಗಿನದು ಹಾಗೇ ಇರುತ್ತದೆ. ಚಿತ್ರದಲ್ಲೂ ಹಾಗೆ. ಬರಹ ಬೇರೆ ಪದರ, ಫೋಟೋ ಬೇರೆ ಪದರ, ಹಿನ್ನೆಲೆ ಬೇರೆ ಪದರ. ಇದೊಂದು ರೂಢಿಯಾದರೆ ನಾಳೆ ಫೋಟೋಶಾಪಿನ ಮುಂದೆ ಕೂರಿಸಿದರೂ ನಿಮಗೆ ಅಪರಿಚಿತ ಎನ್ನಿಸುವುದಿಲ್ಲ. ಗುಂಡಿಯ ಜಾಗ ಬೇರೆ, ವಿಚಾರ ಒಂದೇ.

ಅಭ್ಯಾಸಕ್ಕೆ ನಿಜವಾದ ಕೆಲಸವನ್ನೇ ಹಿಡಿಯಿರಿ. ನಿಮ್ಮ ಅಮ್ಮನ ಸಂಘದ ಉಪ್ಪಿನಕಾಯಿಗೆ ಒಂದು ಲೇಬಲ್ಲು ಮಾಡಿ. ಅಳ್ವೆಕೋಡಿಯ ಬದಿಯಲ್ಲಿ ಹೆದ್ದಾರಿಯಂಚಿಗೆ ತೂಗಿಹಾಕಿ ಮಾರುವ ಕುಮಟೆಯ ಸಿಹಿ ಈರುಳ್ಳಿಗೆ ಒಂದು ಚೀಟಿ ಮಾಡಿ. ಭಟ್ಕಳ ಮಲ್ಲಿಗೆಯ ಕಟ್ಟಿಗೆ ಒಂದು ಗುರುತು ಮಾಡಿ. ಬೆಲೆ, ತೂಕ, ತಾರೀಕು ಓದಲು ಬರುವ ಹಾಗೆ ಕೂರಿಸುವುದೇ ದೊಡ್ಡ ಪಾಠ.

ಅದಕ್ಕಿಂತ ಹತ್ತಿರದ ಕೆಲಸವೊಂದು ಈ ಶಾಲೆಯಲ್ಲೇ ಕಾದಿದೆ. ಐವತ್ತು ವರ್ಷದ ತರಗತಿ ಫೋಟೋಗಳು, ವಾರ್ಷಿಕೋತ್ಸವದ ಫೋಟೋಗಳು ಎಲ್ಲಿವೆ? ಕೆಲವು ಆಫೀಸಿನ ಗೋಡೆಯ ಮೇಲೆ, ಕೆಲವು ಕಪಾಟಿನಲ್ಲಿ, ಹೆಚ್ಚಿನವು ನಿಮ್ಮ ನಿಮ್ಮ ಮನೆಯ ಟ್ರಂಕಿನಲ್ಲಿ. ನಮ್ಮ ಮಳೆಗಾಲದ ಹಸಿ ಹವೆಗೆ ಅವುಗಳ ಮೇಲೆ ಬೂಸ್ಟು ಕೂರುತ್ತದೆ, ಗಾಜಿಗೆ ಅಂಟಿಕೊಳ್ಳುತ್ತವೆ, ಬಣ್ಣದವು ಕೆಂಪಿಗೆ ತಿರುಗುತ್ತವೆ. ಪ್ರತಿ ಮಳೆಗಾಲಕ್ಕೂ ಕೆಲವು ಮುಖಗಳು ಹೋಗುತ್ತವೆ. ಅವುಗಳಲ್ಲಿ ಈಗ ನಮ್ಮ ಜೊತೆ ಇಲ್ಲದ ಮಾಸ್ತರರಿದ್ದಾರೆ, ಸಹಪಾಠಿಗಳಿದ್ದಾರೆ. ಬೇರೆ ಯಾವ ಫೋಟೋವೂ ಇಲ್ಲದವರೂ ಇದ್ದಾರೆ.

ಆದ್ದರಿಂದ ಹೀಗೆ ಮಾಡೋಣ. ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡೋಣ. ಆರು ಇಂಚು, ಎಂಟು ಇಂಚಿನ ಗುಂಪು ಫೋಟೋ ಆಗ 3600ಕ್ಕೆ 4800 ಚುಕ್ಕಿಯಾಗುತ್ತದೆ. ಮುದ್ರಣಕ್ಕೆ ಇಂಚಿಗೆ 300 ಸಾಕಾದ್ದರಿಂದ ಎರಡು ಪಟ್ಟು ದೊಡ್ಡದಾಗಿ ಅಚ್ಚುಮಾಡಬಹುದು. ಮೂಲ ಸ್ಕ್ಯಾನನ್ನು ಟಿಫ್ ಕಡತವಾಗಿ ಇಟ್ಟು ಅದನ್ನು ಮುಟ್ಟದೆ, ನಕಲಿನ ಮೇಲೆ ಮಾತ್ರ ತಿದ್ದೋಣ. ಜೆಪೆಗ್ ಕಡತವನ್ನು ತಿದ್ದಿ ತಿದ್ದಿ ಉಳಿಸಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಫೋಟೋ ಕಳಿಸುವವರು ದಯವಿಟ್ಟು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಸಾದಾ ಫೋಟೋ ಆಗಿ ಕಳಿಸಿದರೆ ಅದು ಉದ್ದದ ಬದಿಯನ್ನು 1600 ಚುಕ್ಕಿಯ ಆಸುಪಾಸಿಗೆ ಇಳಿಸಿಬಿಡುತ್ತದೆ. ಪುಸ್ತಕದಲ್ಲಿ ಅದು ಐದು ಇಂಚಿಗಿಂತ ಹೆಚ್ಚು ಅಗಲಕ್ಕೆ ಚೆನ್ನಾಗಿ ಬರುವುದಿಲ್ಲ. ನಲವತ್ತು ಮಕ್ಕಳ ಸಾಲಿನಲ್ಲಿ ಹಿಂದಿನವರ ಮುಖ ಕಾಣುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಮಸುಕಾದ ಮುಖವನ್ನು ಕ್ಷಣದಲ್ಲಿ ಹೊಳೆಯುವ ಹಾಗೆ ಮಾಡುತ್ತವೆ. ಅವು ಮಾಸಿಹೋದ ಮುಖವನ್ನು ಹುಡುಕಿ ತರುವುದಿಲ್ಲ, ಬಲೆಯಲ್ಲಿ ಇಲ್ಲದ ಕಣ್ಣು ಎಲ್ಲಿಂದ ಬಂದೀತು? ತಾವು ನೋಡಿದ ಲಕ್ಷಾಂತರ ಮುಖಗಳಿಂದ ಒಂದನ್ನು ಊಹಿಸಿ ಬರೆಯುತ್ತವೆ. ಮನೆಯಲ್ಲಿ ನೋಡಿ ಸಂತೋಷಪಡಲು ಅಡ್ಡಿಲ್ಲ. ಶಾಲೆಯ ದಾಖಲೆಯಲ್ಲಿ ಮಾತ್ರ ಊಹೆಯ ಮುಖ ಬೇಡ. ಬೂಸ್ಟು ತೆಗೆಯಿರಿ, ಗೀರು ಮುಚ್ಚಿ, ಮಸುಕು ಮಸುಕಾಗಿಯೇ ಇರಲಿ. ಫೋಟೋದ ಕೆಳಗೆ ಹೆಸರು, ವರ್ಷ, ಯಾರ ಮನೆಯಿಂದ ಬಂತು ಎಂದು ಬರೆಯಿರಿ. ಹೆಸರು ಹೇಳಬಲ್ಲ ಹಿರಿಯರು ಈಗ ಇದ್ದಾರೆ, ಅವರ ಹತ್ತಿರ ಕೂತು ಕೇಳುವ ಕೆಲಸವನ್ನು ಯಾವ ಸಾಫ್ಟ್‌ವೇರೂ ಮಾಡುವುದಿಲ್ಲ.

ನನ್ನ ಸಲಹೆಯನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮೊಬೈಲು ಮಾತ್ರ ಇದ್ದರೆ ಸ್ನ್ಯಾಪ್‌ಸೀಡ್. ಕಂಪ್ಯೂಟರಿನಲ್ಲಿ ಫೋಟೋಕ್ಕೆ ಜಿಂಪ್. ಲೇಬಲ್ಲು, ಲೋಗೋ, ಕರೆಯೋಲೆಗೆ ಇಂಕ್‌ಸ್ಕೇಪ್. ಚಿತ್ರ ಬರೆಯಲು ಕ್ರಿಟಾ. ಅವಸರದ ಪೋಸ್ಟರಿಗೆ ಕ್ಯಾನ್ವಾ, ಸ್ಟುಡಿಯೋ ಕೆಲಸದ ತಯಾರಿಗೆ ಫೋಟೋಪಿಯ. ಕೈ ಪಳಗಿ ದುಡಿಮೆ ಶುರುವಾಗಿ, ಗಿರಾಕಿಗಳು ಕೇಳಿದಾಗ, ದುಡಿದ ದುಡ್ಡಿನಿಂದ ಫೋಟೋಶಾಪಿನ ಚಂದಾ ಕಟ್ಟಿ. ಅಲ್ಲಿಯವರೆಗೆ ಅದು ಇಲ್ಲವೆಂದು ಯಾರೂ ಹಿಂದೆ ಉಳಿಯಬೇಕಾಗಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಮ್ಮಲ್ಲಿ ಕಂಪ್ಯೂಟರಿನ ಕೆಲಸದವರು ಹತ್ತಾರು ಮಂದಿ ಇದ್ದೇವೆ. ಊರಿಗೆ ಬಂದ ರಜೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ಶಾಲೆಗೆ ಕೊಡೋಣ. ಮುಖ್ಯಾಧ್ಯಾಪಕರು ಒಪ್ಪಿದರೆ ಇಲ್ಲಿನ ಕಂಪ್ಯೂಟರುಗಳಿಗೆಲ್ಲ ಈ ಸಾಫ್ಟ್‌ವೇರುಗಳನ್ನು ಹಾಕಿಕೊಡುವ ಹೊಣೆ ನನ್ನದು. ಸ್ಕ್ಯಾನರನ್ನು ಹಳೆ ವಿದ್ಯಾರ್ಥಿಗಳು ಸೇರಿ ಕೊಡೋಣ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಐವತ್ತು ವರ್ಷದ ಫೋಟೋಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಲಿ, ಸ್ವಚ್ಛ ಮಾಡಲಿ, ಹೆಸರು ಬರೆಯಲಿ. ಅವರಿಗೆ ವಿದ್ಯೆ ಬರುತ್ತದೆ, ಶಾಲೆಗೆ ಅದರ ಮುಖಗಳು ಉಳಿಯುತ್ತವೆ.

ಟ್ರಂಕು ತೆಗೆದು ಫೋಟೋ ತರುವ ಕೆಲಸ ಮಾತ್ರ ಊರವರದ್ದು. ಮುಂದಿನ ಮಳೆಗಾಲದ ಒಳಗೆ ತನ್ನಿ.